ಕೆಂಪು ಗುಂಡಿಗೆ ಹಚ್ಚಿದ ಕುಂಕುಮ

ಜನರೇಟರ್ ರಿಪೇರಿಗೆ ಹೊಸದಾಗಿ ಇಳಿದವರು ಈಗಲೂ ನನಗೆ ಫೋನ್ ಮಾಡುತ್ತಾರೆ. ಒಬ್ಬನ ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ, ಇನ್ನೊಬ್ಬನದು ಬೆಳಿಗ್ಗೆ ಹೊತ್ತು ಹಟ ಹಿಡಿಯುತ್ತದೆ. ನನಗೆ ತಿಳಿದದ್ದು ಹೇಳುತ್ತೇನೆ. ಫೋನ್ ಇಡುವ ಮುಂಚೆ ಅವರು ತಪ್ಪದೆ ಒಂದು ಮಾತು ಸೇರಿಸುತ್ತಾರೆ: "ನಿಮ್ಮ ಅನುಭವಾನೆಲ್ಲ ಒಂದ್ ಕಡಿ ಬರೆದಿಡ್ರಿ ಸ್ವಾಮಣ್ಣ, ನಮಗ ದಾರಿ ಆಗತೈತಿ."

ನನ್ನ ಹೆಸರು ಎರ್ರಿಸ್ವಾಮಿ. ಬಳ್ಳಾರಿಯ ಒಬ್ಬ ಡೀಲರ್ ಬಳಿ ಮೂವತ್ತಮೂರು ವರ್ಷ ಸರ್ವೀಸ್ ಮೆಕ್ಯಾನಿಕ್ ಆಗಿದ್ದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಇಷ್ಟು ನನ್ನ ಸೀಮೆ. ನಿವೃತ್ತಿಯ ದಿನ ಶಾಲು ಹೊದಿಸಿ, "ಇವರ ಕೈ ತಾಗಿದ ಮಷೀನು ಒಂದೂ ಕೈಕೊಟ್ಟಿಲ್ಲ" ಎಂದು ಹೊಗಳಿದರು. ನಾನೂ ನಾಚಿಕೆಯಿಲ್ಲದೆ ಕೈಮುಗಿದೆ. ಅದು ಸುಳ್ಳು. ಒಂದು ಕೈಕೊಟ್ಟಿತ್ತು, ಅದೂ ನನ್ನ ಕೈ ತಾಗಿದ್ದಕ್ಕೇ. ಅದಕ್ಕೆ ಕೆಲಸ ಕಳೆದುಕೊಂಡವನು ಮಾತ್ರ ನಾನಲ್ಲ, ಕರೂರಿನ ಮಾರೆಪ್ಪ. ಅದನ್ನು ಬಿಟ್ಟು ಬೇರೇನು ಬರೆದರೂ ಬೊಗಳೆಯಾದೀತು. ಆದರೆ ಅಲ್ಲಿಗೆ ಹೋಗುವ ಮೊದಲು ಈ ಕೆಲಸ ಎಂಥದ್ದು ಎಂದು ಸ್ವಲ್ಪ ಹೇಳಬೇಕು.

ನನಗೆ ಕೆಲಸ ಕಲಿಸಿದವರು ಖಾದರ್ ಮಿಸ್ತ್ರಿ. ಕಂಟೋನ್ಮೆಂಟಿನ ಒಂದು ಹಳೆಯ ಹಂಚಿನ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ಮಿಸ್ತ್ರಿಯ ಬಾಯಲ್ಲಿ ಸದಾ ಅಡಿಕೆ ಚೂರು, ಒಂದು ಕಿವಿ ಯಾವಾಗಲೂ ಎಂಜಿನ್ ಕಡೆಗೆ. ಮೊದಲ ದಿನವೇ ಹೇಳಿದರು: "ನೋಡಪಾ ಎರ್ರಿ, ಹೊಲದಾಗಿನ ಪಂಪು ಕೆಟ್ರ ಅವತ್ತೇ ಗೊತ್ತಾಗತೈತಿ, ದಿನಾ ಓಡಸ್ತಾರ. ಜನರೇಟರ್ ಕೆಟ್ರ ಗೊತ್ತಾಗಂಗಿಲ್ಲ. ಅದು ಗೊತ್ತಾಗೋದು ಬೇಕಾದ ದಿನಾನೇ. ಅದಕ್ಕ ಬ್ಯಾಡಾದ ದಿನ ಬೇಕು ಅನ್ಕೊಂಡು ನೋಡಬೇಕು."

ಆ ಮಾತು ನನ್ನ ತಲೆಗೆ ಹತ್ತಿದ್ದು ಒಂದು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಮುಖಭಂಗವಾದ ಮೇಲೆ. ಅಲ್ಲಿ ಪ್ರತಿ ಸೋಮವಾರ ಐದು ನಿಮಿಷ ಜನರೇಟರ್ ಓಡಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾನು ತಿಂಗಳಿಗೊಮ್ಮೆ ಹೋಗಿ ಪುಸ್ತಕ ನೋಡಿ ಸಹಿ ಹಾಕಿ, ಚಹಾ ಕುಡಿದು ಬರುತ್ತಿದ್ದೆ. ಒಂದು ಮಧ್ಯಾಹ್ನ ನಾನು ಅಲ್ಲಿರುವಾಗಲೇ ಕರೆಂಟು ಹೋಯಿತು. ಎಂಜಿನ್ ಗುಡುಗಿತು, ನೆಲ ನಡುಗಿತು, ದೀಪ ಮಾತ್ರ ಒಂದೂ ಹತ್ತಲಿಲ್ಲ. ಹೊಲಿಗೆಯ ಹೆಣ್ಣುಮಕ್ಕಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಅಣ್ಣಾ, ಇದು ಬರೇ ಭಾಷಣ ಮಾಡ್ತೈತಲ್ಲ, ಎಲೆಕ್ಷನ್‌ಗೆ ನಿಂತೈತೇನು?" ಎಂದು ಒಬ್ಬಾಕೆ ಕೇಳಿದಳು. ಲೈನ್ ಕರೆಂಟಿನಿಂದ ಜನರೇಟರಿಗೆ ಬದಲಿಸುವ ದೊಡ್ಡ ಸ್ವಿಚ್ಚು ಬಿಚ್ಚಿ ನೋಡಿದರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿಕೊಂಡು ಸುಖವಾಗಿ ಸಂಸಾರ ಮಾಡುತ್ತಿತ್ತು. ಕಾರ್ಖಾನೆಗೆ ಬೇರೆಯೇ ಲೈನ್ ಇದ್ದು ಕರೆಂಟು ಹೋಗುವುದು ಅಪರೂಪ, ಹಾಗಾಗಿ ಒಂದು ವರ್ಷ ಆ ಸ್ವಿಚ್ಚನ್ನು ಯಾರೂ ಎಳೆದಿರಲಿಲ್ಲ. ಎಂಜಿನ್ ಓಡುತ್ತಿತ್ತಷ್ಟೆ, ಭಾರ ಹೊತ್ತಿರಲೇ ಇಲ್ಲ.

ಖಾದರ್ ಮಿಸ್ತ್ರಿ ಬೈಯಲಿಲ್ಲ. ಆ ಗೂಡನ್ನು ನನ್ನ ಕೈಯಿಂದಲೇ ಕೆರೆಸಿದರು. "ಕುದುರಿ ಖಾಲಿ ಓಡಿದ್ರ ಟಾಂಗಾ ಎಳೀತೈತಿ ಅಂತ ಯಾವ ಹುಚ್ಚ ಹೇಳಿದ ನಿನಗ?" ಎಂದರು. ಅಲ್ಲಿಂದ ಮುಂದೆ ನಾನು ಹೋದಲ್ಲೆಲ್ಲ ಮೇನ್ ಬಂದ್ ಮಾಡಿಸಿ, ಫ್ಯಾನು ಲೈಟು ಎಲ್ಲ ಹಾಕಿಸಿ, ಅರ್ಧ ತಾಸು ಓಡಿಸಿಯೇ ನೋಡುತ್ತಿದ್ದೆ. ಮಾಲೀಕರು ಡೀಸೆಲ್ ಸುಡುತ್ತದೆಂದು ಗೊಣಗುತ್ತಿದ್ದರು. ಗೊಣಗಲಿ ಬಿಡಿ, ನೀವೂ ಹಾಗೇ ಮಾಡಿ.

ಇನ್ನು ಆಯುಧಪೂಜೆ. ಆ ದಿನ ಅರ್ಚಕರಿಗಿಂತ ನನಗೇ ಹೆಚ್ಚು ಬೇಡಿಕೆ. ಮಷೀನಿಗೆ ಮೆಕ್ಯಾನಿಕನೇ ಪೂಜೆ ಮಾಡಬೇಕೆಂಬುದು ನಮ್ಮ ಕಡೆ ಹೇಗೋ ರೂಢಿಯಾಗಿತ್ತು. ಖಾದರ್ ಮಿಸ್ತ್ರಿ ಇದ್ದಾಗ ಪೂಜೆ ನಾನು ಮಾಡುತ್ತಿದ್ದೆ, ಅವರು ಒಂದು ಪಕ್ಕ ಕೈಕಟ್ಟಿ ನಿಂತಿರುತ್ತಿದ್ದರು. ಕುಂಬಳಕಾಯಿ ಒಡೆದು ಮಂಗಳಾರತಿ ಮುಗಿದ ಕೂಡಲೇ ಮುಂದೆ ಬಂದು, "ಆತಲ್ಲ? ಈಗ ಒಂದ್ ಸಲ ಚಾಲೂ ಮಾಡ್ರಿ" ಎನ್ನುತ್ತಿದ್ದರು. ಮಾಲೀಕರಿಗೆ ಇದು ಸರಿಬರುತ್ತಿರಲಿಲ್ಲ. ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟಬಾರದು ಎನ್ನುವವರು ಅವರು. ಒಬ್ಬ ಸಾಹುಕಾರರಂತೂ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಮಿಸ್ತ್ರಿ ನಗುತ್ತಲೇ ಉತ್ತರ ಕೊಟ್ಟರು: "ಕುಡಗೋಲು ಮಲಗ್ಲಿ ಸಾವ್ಕಾರ್ರ, ರಂಟಿನೂ ಮಲಗ್ಲಿ. ಇದು ಕಾವಲುಗಾರ ಐತಿ. ಕಾವಲುಗಾರಗ ಹಬ್ಬ ಇರಂಗಿಲ್ರಿ."

ಅವರು ನಿವೃತ್ತರಾದ ಮೇಲೆ ಆ ಪದ್ಧತಿಯನ್ನು ನಾನು ಬಿಟ್ಟೆ. ಒಂದೇ ದಿನ ಹತ್ತು ಹದಿನೈದು ಕಡೆ ಹೋಗಬೇಕಿತ್ತು ಎಂಬುದು ನೆಪ. ಮಾಲೀಕರ ಮನಸ್ಸು ನೋಯಿಸುವುದು ಯಾಕೆ ಎಂಬುದು ಇನ್ನೊಂದು ನೆಪ. ಮನಸ್ಸಿನ ತಳದಲ್ಲಿದ್ದ ನಿಜ ಬೇರೆ: ಮಿಸ್ತ್ರಿಗೆ ನಮ್ಮ ಹಬ್ಬದ ಕಟ್ಟುಪಾಡು ಎಲ್ಲಿ ಗೊತ್ತಾಗಬೇಕು ಎಂದುಕೊಂಡಿದ್ದೆ. ಬರೆಯಲು ಕೈ ನಾಚುತ್ತದೆ. ನನಗೆ ಅನ್ನದ ದಾರಿ ತೋರಿಸಿದ ಮನುಷ್ಯನ ಬಗ್ಗೆ ಹಾಗೆಂದುಕೊಂಡೆ.

ಅಷ್ಟರಲ್ಲಿ ಜನರೇಟರುಗಳ ಚಹರೆಯೇ ಬದಲಾಗಿತ್ತು. ಹಳೆಯವು ಬರಿಮೈಯಲ್ಲಿ ಇರುತ್ತಿದ್ದವು. ಬೆಲ್ಟು, ಫ್ಯಾನು, ಡೀಸೆಲ್ ಪೈಪು ಎಲ್ಲ ಕಣ್ಣಿಗೆ ಕಾಣುತ್ತಿದ್ದವು. ನಿಲ್ಲಿಸಬೇಕೆಂದರೆ ಒಂದು ಹಿಡಿಕೆ ಎಳೆದು ಹಿಡಿಯಬೇಕಿತ್ತು. ವಿಭೂತಿ ಕುಂಕುಮ ಎಲ್ಲಿ ಬಳಿದರೂ ಎಂಜಿನ್ನಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಹೊಸವು ಶಬ್ದ ಹೊರಗೆ ಬಾರದಂತೆ ತಗಡಿನ ಪೆಟ್ಟಿಗೆಯಲ್ಲಿ ಕೂತು ಬಂದವು. ಹೊರಗೆ ಒಂದು ಬೀಗದ ಕೀ, ಒಂದು ಸಣ್ಣ ಪರದೆ, ಕೆಂಪು ದೀಪ, ಅದರ ಪಕ್ಕ ಅಣಬೆಯ ತಲೆಯಂಥ ದಪ್ಪ ಕೆಂಪು ಗುಂಡಿ. ಅಪಾಯವಾದಾಗ ಆ ಗುಂಡಿ ಒತ್ತಿದರೆ ಎಂಜಿನ್ ನಿಲ್ಲುತ್ತದೆ. ಒತ್ತಿದ್ದು ಒಳಗೇ ಕಚ್ಚಿಕೊಂಡು ಕೂರುತ್ತದೆ. ಅದನ್ನು ತಿರುವಿ ಹೊರಗೆ ತರುವವರೆಗೆ ಏನು ಮಾಡಿದರೂ ಎಂಜಿನ್ ಏಳುವುದಿಲ್ಲ. ಇದನ್ನು ಹತ್ತಾರು ಜನರಿಗೆ ನಾನೇ ಕಲಿಸಿದ್ದೆ.

ಸಿರುಗುಪ್ಪದ ಒಂದು ಹೆರಿಗೆ ಆಸ್ಪತ್ರೆಗೆ ಅಂಥದೊಂದು ಹೊಸ ಮಷೀನು ಬಂದಿತ್ತು. ಹಳೆಯದರ ಕಾಲದಿಂದಲೂ ಅಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದವನೇ ಮಾರೆಪ್ಪ. ಕರೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಗೇಟೂ ಕಾಯುತ್ತಿದ್ದ. ಇಂಗ್ಲಿಷ್ ಓದಲು ಬಾರದು, ಆದರೆ ಎಂಜಿನ್ನಿನ ದನಿ ಸ್ವಲ್ಪ ಬದಲಾದರೂ ನನಗೆ ಫೋನ್ ಬರುತ್ತಿತ್ತು. ಹೊಸ ಮಷೀನಿಗೆ ಅವನಿಟ್ಟ ಹೆಸರು ಆನೆ. "ಇವತ್ಯಾಕೋ ಆನಿ ಕೆಮ್ಮಾಕ ಹತ್ತೈತೆಣ್ಣ" ಎನ್ನುತ್ತಿದ್ದ. ತನ್ನ ಹೆಗಲ ಮೇಲಿನ ಟವೆಲ್ಲಿನಿಂದಲೇ ಅದನ್ನು ಒರೆಸುತ್ತಿದ್ದ. ಮಂಗಳವಾರ ಮಂಗಳವಾರ ನಾನು ಹೇಳಿಕೊಟ್ಟಂತೆ ಭಾರ ಹಾಕಿಯೇ ಓಡಿಸಿ ನೋಡುತ್ತಿದ್ದ. ನನ್ನ ಸೀಮೆಯಲ್ಲಿ ಅವನಂಥ ಆಪರೇಟರ್ ಇನ್ನೊಬ್ಬನಿರಲಿಲ್ಲ.

ಹೊಸ ಮಷೀನಿಗೆ ಅದು ಮೊದಲ ಆಯುಧಪೂಜೆ. ಮಾರೆಪ್ಪ ಬೆಳಿಗ್ಗೆಯೇ ತೊಳೆದು, ಬಾಳೆಕಂಬ ಕಟ್ಟಿ, ಚೆಂಡು ಹೂವಿನ ದೊಡ್ಡ ಹಾರ ತಂದಿದ್ದ. ಡಾಕ್ಟರಮ್ಮ, ನರ್ಸುಗಳು ಬಂದು ನಿಂತರು. ನಾನು ಮೂರು ಬೆರಳಿನಿಂದ ವಿಭೂತಿ ಎಳೆದೆ. ಕುಂಕುಮ ಎಲ್ಲಿ ಇಡುವುದು? ಹಳೆಯದಾಗಿದ್ದರೆ ರೇಡಿಯೇಟರಿನ ನೆತ್ತಿ ಇತ್ತು. ಈ ಪೆಟ್ಟಿಗೆಗೆ ಮುಖವೂ ಇಲ್ಲ, ಹಣೆಯೂ ಇಲ್ಲ. ಎದುರಿಗೆ ಆ ಗುಂಡಿ ಕಾಣಿಸಿತು, ದುಂಡಗೆ, ಕೆಂಪಗೆ, ಬೊಟ್ಟಿಗೆಂದೇ ಮಾಡಿಟ್ಟಂತೆ. ಕುಂಕುಮ ಎಣ್ಣೆಯಲ್ಲಿ ಕಲಸಿ ಹೆಬ್ಬೆಟ್ಟಿನಿಂದ ಭಕ್ತಿಯಿಂದ ಒತ್ತಿದೆ. ಕುಂಬಳಕಾಯಿ ಒಡೆಯುವ ಗದ್ದಲದಲ್ಲಿ ಅದು ಒಳಗೆ ಹೋದದ್ದು ನನಗೆ ಕೇಳಲಿಲ್ಲ. ಮೇಲೆ ಮಾರೆಪ್ಪನ ಹಾರ ಬಿತ್ತು. ಗುಂಡಿ, ಪರದೆ, ಕೆಂಪು ದೀಪ ಎಲ್ಲ ಹೂವಿನಡಿಗೆ ಸೇರಿದವು.

ಎಲ್ಲರೂ ಹೋದ ಮೇಲೆ ಮಾರೆಪ್ಪ ಕೇಳಿದ: "ಎಣ್ಣ, ಒಂದ್ ಸಲ ಚಾಲೂ ಮಾಡಿ ನೋಡ್ಲೇನು? ಖಾದರ್ ಮಿಸ್ತ್ರಿ ಮಾಡಸ್ತಿದ್ರು."

"ಏ, ಹಾರ ಹಾಕೀವಿ ಈಗ. ನಾಳಿ ಬನ್ನಿ ಮುಡದು ಮಾಡಲೇ. ಮಷೀನಿಗೂ ಒಂದಿನ ಹಬ್ಬ ಬ್ಯಾಡೇನು?" ಎಂದೆ. ಅವನು ತಲೆಯಾಡಿಸಿ ಪ್ರಸಾದದ ಬಾಳೆಹಣ್ಣು ಸುಲಿದ.

ನಾಲ್ಕು ಗಂಟೆಯ ಹೊತ್ತಿಗೆ ನಾನು ಕುರುಗೋಡಿನ ಒಂದು ಮಿಲ್ಲಿನಲ್ಲಿ ಪೂಜೆ ಮುಗಿಸಿ ಹೋಳಿಗೆಗೆ ಕೂತಿದ್ದೆ. ಮಾರೆಪ್ಪನ ಫೋನ್ ಬಂತು. ಸಿರುಗುಪ್ಪದಲ್ಲಿ ಗಾಳಿ ಮಳೆ ಎದ್ದು ಕರೆಂಟು ಹೋಗಿತ್ತು. ಒಳಗೆ ಒಬ್ಬ ತಾಯಿಗೆ ಆಪರೇಷನ್ ನಡೆಯುತ್ತಿತ್ತು.

"ಎಣ್ಣ, ಕೀ ತಿರುವಿದ್ರ ಆನಿ ಉಸುರೇ ಬಿಡವಲ್ದು! ಒಳಗ ಹೊಟ್ಟಿ ಕೊಯ್ದಾರೆಣ್ಣ, ಡಾಕ್ಟರಮ್ಮ ಒದರಾಕ ಹತ್ಯಾರ!"

"ಬ್ಯಾಟರಿ ವೈರು ನೋಡು. ಗಟ್ಟಿ ಒತ್ತು."

"ಒತ್ತೀನಿ, ಗಟ್ಟಿ ಅದಾವ. ಹಾರ ತೆಗೆದು ಒಳಗ ನೋಡ್ಲೇನು?"

"ಹಾರದ ತಂಟಿಗೆ ಹೋಗಬ್ಯಾಡಲೇ, ಹಬ್ಬದ ದಿನ! ಬ್ಯಾಟರಿನೇ ನೋಡು, ನಾ ಬರ್ತೀನಿ."

ಹೀಗಂದೆ ನಾನು. ಹೆಣ್ಣುಮಗಳೊಬ್ಬಳ ಹೊಟ್ಟೆ ತೆರೆದಿಟ್ಟಿರುವಾಗ ಹೂವಿನ ಮರ್ಯಾದೆ ಕಾಯಲು ಹೇಳಿದೆ. ಆ ಹಾರ ಎತ್ತಿದ್ದರೆ ಅವನಿಗೆ ಕೆಂಪು ದೀಪ ಕಾಣುತ್ತಿತ್ತು, ಗುಂಡಿ ಕಾಣುತ್ತಿತ್ತು.

ಮಳೆಯಲ್ಲಿ ಬೈಕು ಓಡಿಸಿಕೊಂಡು ಹೋಗಿ ತಲುಪುವಷ್ಟರಲ್ಲಿ ಒಂದು ತಾಸು ಮೀರಿತ್ತು, ಕರೆಂಟೂ ಬಂದಿತ್ತು. ನರ್ಸುಗಳು ಮೂರು ಮೊಬೈಲು ಹಿಡಿದು ನಿಂತು, ಅದೇ ಬೆಳಕಿನಲ್ಲಿ ಡಾಕ್ಟರಮ್ಮ ಹೊಲಿಗೆ ಹಾಕಿದ್ದರು. ಮಗು ಅತ್ತಿತ್ತು. ತಾಯಿಗೆ ರಕ್ತ ಬಹಳ ಹೋಗಿ ಬಳ್ಳಾರಿಗೆ ಸಾಗಿಸಿದ್ದರು. ಎಂಟು ದಿನದ ಮೇಲೆ ಆಕೆ ಗೆದ್ದು ಬಂದಳು, ಅದು ದೇವರ ದಯೆ, ನನ್ನದೇನಿಲ್ಲ. ಆಕೆಯ ಕಡೆಯವರು ಮಾರೆಪ್ಪನ ಕೆನ್ನೆಗೆ ಬಾರಿಸಿದ್ದರು. ಅವನು ಗೇಟಿನ ಹತ್ತಿರ ಒದ್ದೆಯಾಗಿ ನಿಂತಿದ್ದ.

ನಾನೊಬ್ಬನೇ ಹಿಂದಿನ ಶೆಡ್ಡಿಗೆ ಹೋಗಿ ಹಾರ ಎತ್ತಿದೆ. ಕೆಂಪು ದೀಪ ಉರಿಯುತ್ತಿತ್ತು. ಗುಂಡಿ ಒಳಗೆ ಕೂತಿತ್ತು, ಅದರ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ತಿರುವಿದೆ. ಟಕ್ ಎಂದು ಹೊರಗೆ ಬಂತು. ಕೀ ಕೊಟ್ಟೆ, ಮೊದಲ ಸಲಕ್ಕೇ ಎಂಜಿನ್ ಎದ್ದಿತು. ಮತ್ತೆ ಬಂದ್ ಮಾಡಿ, ಬೆರಳು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದೆ.

ಡಾಕ್ಟರಮ್ಮನ ಸೀರೆಯ ಮೇಲೆ ಇನ್ನೂ ರಕ್ತವಿತ್ತು. "ಏನಾಗಿತ್ರಿ ಎರ್ರಿಸ್ವಾಮಿ? ಖರೇ ಹೇಳ್ರಿ" ಎಂದರು.

"ಬ್ಯಾಟರಿ ಬಿದ್ದಿತ್ರಿ ಅಮ್ಮಾರ."

"ಮಾರೆಪ್ಪ ವಾರಾವಾರ ಓಡಸ್ತಿದ್ನಲ್ಲ?"

ಅಷ್ಟು ಹೊತ್ತಿಗೆ ನನ್ನ ನಾಲಗೆಗೆ ದಾರಿ ಗೊತ್ತಾಗಿತ್ತು. "ಓಡಿಸಿದ್ರ ಬೀಳ್ತಿರಲಿಲ್ರಿ" ಎಂದೆ.

ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಬರೆ ಹಾಕಿದವನೂ ನಾನೇ, ಜ್ವರದ ಎತ್ತೂ ನಾನೇ. ನಮ್ಮ ಸರ್ವೀಸ್ ರಿಪೋರ್ಟಿನಲ್ಲಿ ಕಾರಣ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಅದನ್ನೇ ಬರೆದೆ, ಆಪರೇಟರ್ ವಾರದ ಚಾಲನೆ ಮಾಡಿಲ್ಲ ಎಂದು. ಕೆಳಗೆ ಆಪರೇಟರನ ಸಹಿ ಬೇಕು. ಮಾರೆಪ್ಪನ ಮುಂದೆ ಹಿಡಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಎಂದಿನಂತೆ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದು ಕೊಟ್ಟ.

ಮರುದಿನ ವಿಜಯದಶಮಿ. ಹೇಳಿದ ಸುಳ್ಳಿಗೆ ಮೈಕೈ ತುಂಬಬೇಕಲ್ಲ, ಹೊಸ ಬ್ಯಾಟರಿ ಹೊತ್ತುಕೊಂಡು ಹೋದೆ. ಚೆನ್ನಾಗಿದ್ದ ಬ್ಯಾಟರಿ ಬಿಚ್ಚಿ ಹೊಸದು ಕೂರಿಸಿದೆ. ಮಾರೆಪ್ಪ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದ. ಹೊರಡುವಾಗ ಜೇಬಿನಿಂದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟು, ಬಗ್ಗಿ ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣೆಣ್ಣ" ಎಂದು ಹಾಗೇ ನಿಂತ. ಹಳೇದೆಲ್ಲ ಮರೆತು ಬಾಯಿಬಿಟ್ಟು ಮಾತಾಡುವ ದಿನ ಅದು. ನಾನು ಎಲೆ ಜೇಬಿಗೆ ಹಾಕಿಕೊಂಡು ಬೈಕಿಗೆ ಒದ್ದೆ. ವಾರದ ಕೊನೆಗೆ ಅವನನ್ನು ಕೆಲಸದಿಂದ ಬಿಡಿಸಿದರು.

ನಮ್ಮ ಮ್ಯಾನೇಜರು ರಿಪೋರ್ಟ್ ಓದಿ ನನ್ನ ಕಡೆ ಕನ್ನಡಕದ ಮೇಲಿನಿಂದ ನೋಡಿದರು. "ಕಂಪನಿ ಮ್ಯಾಲ ಬರ್ಲಿಲ್ಲ, ಚಲೋ ಆತು. ಬರೆದದ್ದೇ ಖರೆ ಅಂತ ಇಟ್ಕೊಳ್ಳೂಣು" ಎಂದರು. ಖಾದರ್ ಮಿಸ್ತ್ರಿಯ ಕಿವಿಗೂ ಸುದ್ದಿ ಬಿದ್ದಿತ್ತು. ನೋಡಲು ಹೋದಾಗ ಒಂದೇ ಪ್ರಶ್ನೆ ಕೇಳಿದರು: "ಪೂಜಿ ಆದಮ್ಯಾಲ ಚಾಲೂ ಮಾಡಿದ್ದೇನಪಾ?" ಹ್ಞೂ ಎಂದೆ. ಅವರು ಚಹಾ ಕಪ್ಪು ನನ್ನ ಕಡೆ ಸರಿಸಿದರು. ಅದೇ ವರ್ಷ ತೀರಿಕೊಂಡರು. ಅವರಿಗಾದರೂ ನಿಜ ಹೇಳಬಹುದಿತ್ತು.

ಆಮೇಲೂ ನಾನು ಎಷ್ಟೋ ವರ್ಷ ಕೆಲಸ ಮಾಡಿದೆ. ಪ್ರತಿ ಆಯುಧಪೂಜೆಗೆ, ಮಾಲೀಕರು ಮುಖ ಗಂಟಿಕ್ಕಿದರೂ ಬಿಡದೆ, ಮಂಗಳಾರತಿ ಆದ ಕೂಡಲೇ ಎಂಜಿನ್ ಚಾಲೂ ಮಾಡಿಸಿದೆ. ಯಾಕೆ ಎಂದು ಕೇಳಿದರೆ ಖಾದರ್ ಮಿಸ್ತ್ರಿಯ ಹೆಸರು ಹೇಳುತ್ತಿದ್ದೆ. ಮಾರೆಪ್ಪನ ಹೆಸರು ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿವೃತ್ತಿಯ ಶಾಲು ಮನೆಗೆ ತಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಅವನ ಮುಂದ ಹೇಳ್ರಿ. ಇಲ್ಲಾಂದ್ರ ಹಿಂಗ ನನ್ ಜೀವ ತಿನ್ನಬ್ಯಾಡ್ರಿ" ಎಂದಳು. ಡಾಕ್ಟರಮ್ಮ ಆಸ್ಪತ್ರೆ ಮುಚ್ಚಿ ಊರು ಬಿಟ್ಟಿದ್ದರು. ವಿಳಾಸ ಹುಡುಕಿ ಅವರಿಗೊಂದು ಕಾಗದ ಹಾಕಿದೆ, ಉತ್ತರ ಬಂದಿಲ್ಲ. ವಿಜಯದಶಮಿಯ ದಿನ ಜೇಬಿಗೆ ಬನ್ನಿ ಹಾಕಿಕೊಂಡು ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಕರೂರಿನ ಬಸ್ಸು ಹಿಡಿದೆ.

ಬಸ್ಸು ಇಳಿದಲ್ಲೇ ಒಂದು ಚಹಾದಂಗಡಿ. ಮಾರೆಪ್ಪನ ಮನೆ ಕೇಳಿದೆ.

"ಯಾವ ಮಾರೆಪ್ಪರಿ?" ಎಂದ ಅಂಗಡಿಯವನು.

"ಮೊದಲು ಸಿರುಗುಪ್ಪದಾಗ ಆಸ್ಪತ್ರಿ ಜನರೇಟರ್ ನೋಡ್ತಿದ್ದ..."

"ಓ, ಕತ್ಲ ಮಾರೆಪ್ಪ! ಹಂಗಂತ ಮೊದ್ಲೇ ಹೇಳಬಾರ್ದೇನ್ರಿ? ಕಟ್ಟಿ ದಾಟಿ ಎಡಕ್ಕ ಹೋಗ್ರಿ."

ಆಸ್ಪತ್ರೆಯನ್ನು ಕತ್ತಲು ಮಾಡಿದವನೆಂದು ಊರು ಇಟ್ಟ ಹೆಸರು. ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಟ್ಟೆ ದಾಟಿ ಎಡಕ್ಕೆ ಹೊರಳಿದೆ.

ಮಾರೆಪ್ಪ ಮನೆ ಮುಂದೆ ಬರಿಮೈಯಲ್ಲಿ ಕೂತಿದ್ದ. ಆಮೇಲೆ ಯಾರೂ ಅವನ ಕೈಗೆ ಮಷೀನು ಕೊಡಲಿಲ್ಲವಂತೆ. ಭತ್ತದ ಚೀಲ ಹೊತ್ತು ಹೊತ್ತು ಹೆಗಲು ಒಂದು ಕಡೆಗೆ ಇಳಿದಿತ್ತು. ನನ್ನನ್ನು ಕಂಡು ಎದ್ದು, "ಬಾರೆಣ್ಣ" ಎಂದು ಚಾಪೆ ಹಾಸಿದ. ಮಗಳು ಲಕ್ಷ್ಮಿ ತಂಬಿಗೆಯಲ್ಲಿ ನೀರು ತಂದಿಟ್ಟು ಬಾಗಿಲಲ್ಲಿ ನಿಂತಳು.

ನೀರು ಮುಟ್ಟದೆ ಹೇಳಿದೆ: "ಅವತ್ತು ಬ್ಯಾಟರಿ ಬಿದ್ದಿರಲಿಲ್ಲ ಮಾರೆಪ್ಪ. ಗುಂಡಿ ಒತ್ತಿದ್ದು ನಾನು. ಕುಂಕುಮ ಹಚ್ಚಾಕ ಹೋಗಿ."

"ಗೊತ್ತೈತೆಣ್ಣ."

"ಯಾವಾಗಿಂದ?"

"ನೀ ಅದನ್ನ ತಿರುವಿದಾಗ ನಾ ನಿನ್ ಹಿಂದ ಬಂದು ಶೆಡ್ಡಿನ ಬಾಗಲಾಗ ಇದ್ದೆ. ಟಕ್ ಅಂತು. ಬೆರಳು ಪ್ಯಾಂಟಿಗೆ ಒರೆಸ್ಕೊಂಡಿ."

"ಮತ್ತ್ಯಾಕ ಹೇಳಲಿಲ್ಲ ಮಾರಾಯ?"

ಅವನು ಚಾಪೆಯ ಕಡ್ಡಿ ಕೀಳುತ್ತ ಕೂತ. "ನೀ ಹೇಳ್ತಿ ಅಂತ ಕಾದೆ. ಮರುದಿನ ಬನ್ನಿ ಕೊಟ್ನೆಲ್ಲ, ಆವಾಗ ಹೇಳ್ತಿ ಅನ್ಕೊಂಡಿದ್ದೆ. ಆಮ್ಯಾಲ ನಾ ಹೇಳಿದ್ರ ಯಾರು ನಂಬ್ತಿದ್ರೆಣ್ಣ? ಕಾಗದದ ಮ್ಯಾಲ ನನ್ ಸಹಿನೇ ಇತ್ತಂತ."

ನನಗೆ ಅಳು ತಡೆಯಲಾಗಲಿಲ್ಲ. ಅವನ ಕಾಲು ಹಿಡಿಯಲು ಹೋದೆ. "ಏ ಎಣ್ಣ, ದೊಡ್ಡಾವ ನೀನು, ಬ್ಯಾಡ" ಎಂದು ಅವನೇ ಹಿಡಿದೆತ್ತಿದ. ಬಾಗಿಲಲ್ಲಿದ್ದ ಲಕ್ಷ್ಮಿ ಮಾತ್ರ ಕರಗಲಿಲ್ಲ. "ಇಲ್ಲಿ ಅತ್ರ ಏನ್ ಬಂತ್ರಿ? ನಮ್ಮಪ್ಪಗ ಮೊದ್ಲೇ ಗೊತ್ತಿತ್ತು. ಕಟ್ಟಿ ಮ್ಯಾಲ ಹೇಳ್ರಿ. ಸಾಲ್ಯಾಗಿದ್ದಾಗಿಂದ ಕೇಳಿ ಕೇಳಿ ನನಗ ಸಾಕಾಗೈತಿ" ಎಂದಳು.

ಬನ್ನಿ ಹಂಚುವ ಹೊತ್ತು, ಕಟ್ಟೆಯ ಮೇಲೆ ಜನ ಇದ್ದರು. ಚಹಾದಂಗಡಿಯವನೂ ಬಂದು ನಿಂತ. ನನ್ನ ಹೆಸರು, ನನ್ನ ಕೆಲಸ, ಹಾರ, ಗುಂಡಿ, ನಾನು ಬರೆದ ಸುಳ್ಳು, ಎಲ್ಲವನ್ನೂ ನಿಂತೇ ಹೇಳಿದೆ. ಯಾರಾದರೂ ಕೆನ್ನೆಗೆ ಹೊಡೆಯಲಿ ಎಂದುಕೊಂಡಿದ್ದೆ. ಯಾರೂ ಹೊಡೆಯಲಿಲ್ಲ. ಹಿರಿಯರೊಬ್ಬರು, "ಹಳೇ ಮಾತು, ಇರ್ಲಿ ಬಿಡ್ರಿ" ಎಂದು ನನಗೂ ಬನ್ನಿ ಕೊಟ್ಟರು. ನನ್ನ ಜೇಬಿನ ಎಲೆಯನ್ನು ಮಾರೆಪ್ಪನ ಕೈಗಿಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಮಗಳ ಜೊತೆ ಮನೆಗೆ ಹೋದ.

ಬಸ್ಸಿಗೆ ಹೊತ್ತಿತ್ತು. ಅಂಗಡಿಯವನು ಕೇಳದೆಯೇ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತ.

"ಬಂದು ಹೇಳಿದ್ದು ಬಾಳ ಚಲೋ ಮಾಡಿದ್ರಿ. ಪಾಪ, ಕತ್ಲ ಮಾರೆಪ್ಪಂದು ಏನೂ ತಪ್ಪಿರಲಿಲ್ಲ ನೋಡ್ರಿ" ಎಂದ.

"ಇನ್ನ ಮ್ಯಾಲಾರ ಹಂಗ ಕರೀಬ್ಯಾಡ್ರಪಾ" ಎಂದೆ.

ಅವನು ನಿಜವಾಗಿಯೂ ಯೋಚನೆಗೆ ಬಿದ್ದ. "ಮತ್ತ ಹೆಂಗ ಕರೀಬೇಕ್ರಿ?" ಎಂದು ಕೇಳಿದ. "ನಮ್ಮೂರಾಗ ಮಾರೆಪ್ಪ ಅನ್ನೋರು ಆರು ಮಂದಿ ಅದಾರ."